ಬರೆದದ್ದನ್ನಷ್ಟೇ ಕೊಡತಕ್ಕದ್ದು

“ಉಗುಳಯ್ಯಾ! ಮೊದಲು ಉಗುಳು!”

ಇನ್ಸ್‌ಪೆಕ್ಟರ್ ಮೇಜು ಸುತ್ತಿ ಬರುವಷ್ಟರಲ್ಲಿ ದಫೇದಾರ ಬಾಟಲಿಯ ಬಿರಡೆಯನ್ನು ಹಲ್ಲಿನಿಂದ ಕಿತ್ತು, ತಳದಲ್ಲಿ ಉಳಿದಿದ್ದ ಕಂದು ಹನಿಯೊಂದನ್ನು ನಾಲಿಗೆಯ ಮೇಲೆ ಬಿಟ್ಟುಕೊಂಡಾಗಿತ್ತು. ಕಿಟಕಿಯಾಚೆ ಉಗುಳಿ, ಅಂಗೈಯಿಂದ ಮೀಸೆ ಒರೆಸಿಕೊಂಡು, ಅರ್ಧ ತನಿಖೆ ಮುಗಿಸಿದವನ ಗತ್ತಿನಲ್ಲಿ ಹೇಳಿದ:

“ಸಿಹಿ ಇದೆ ಸಾರ್.”

“ಇದನ್ನ ಕುಡಿದೋರು ಬೆಳಗಾಗೋದ್ರೊಳಗೆ ಹೆಣವಾದ್ರು ಅಂತ ಇವರು ಈಗ ತಾನೇ ಹೇಳಿದ್ದು ನಿನ್ನ ಕಿವಿಗೆ ಬೀಳಲಿಲ್ವಾ?”

“ಬಿತ್ತು ಸಾರ್. ಅದಕ್ಕೇ ನೋಡಿದೆ. ನೆಗಡಿ ಬೇರೆ, ವಾಸನೆ ಹತ್ತಲಿಲ್ಲ.”

ದಫೇದಾರನ ತಲೆಯೊಳಗೆ ಏನಿದೆ ಎಂದು ಇನ್ಸ್‌ಪೆಕ್ಟರ್ ಹನ್ನೊಂದು ವರ್ಷಗಳಿಂದ ಯೋಚಿಸುತ್ತ ಬಂದಿದ್ದ. ಈಗ ಅದನ್ನು ಬಿಟ್ಟು ಬಾಟಲಿಗೆ ಮತ್ತೆ ಬಿರಡೆ ಹಾಕಿ, ಬಟ್ಟೆ ಸುತ್ತಿ, ಅರಗಿನ ಮುದ್ರೆ ಒತ್ತಿಸಿದ. ಸಾವಿರದ ಒಂಬೈನೂರ ಒಂದನೆಯ ಇಸವಿ, ಮಾರ್ಚ್ ಹನ್ನೆರಡು, ಮಂಗಳವಾರ, ಬೆಳಗ್ಗೆ ಎಂಟು ನಲವತ್ತು. ಹೊಸ ಶತಮಾನ ಶುರುವಾಗಿ ಎರಡೂವರೆ ತಿಂಗಳು. ಠಾಣೆಯ ಮಟ್ಟಿಗೆ ಅದು ತಂದದ್ದು ಗೋಡೆಯ ಮೇಲಿನ ಹೊಸ ಕ್ಯಾಲೆಂಡರ್ ಒಂದನ್ನೇ.

ದೂರುದಾರರು ಬೆಂಚಿನ ತುದಿಯಲ್ಲಿ ಕುಳಿತಿದ್ದರು. ಹುಡುಗರ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು. ಕೋಟಿನ ತೋಳಿನ ಮೇಲೆ ಸೀಮೆಸುಣ್ಣದ ಪುಡಿ ಹಾಗೇ ಇತ್ತು. ಸತ್ತವರು ಅವರ ಅಕ್ಕ. ತಾಯಿ ತೀರಿಕೊಂಡ ಮೇಲೆ ದರ್ಜಿ ಅಂಗಡಿಗಳಿಗೆ ಗುಂಡಿಯ ಕಾಜ ಹೊಲಿದು ತಮ್ಮನನ್ನು ಓದಿಸಿದವರು. ಮದುವೆಯಾಗಲಿಲ್ಲ. ಈಗ ಅರವತ್ತೆರಡು ವರ್ಷ, ಮೈನೋವಿಗೆ ನಿದ್ದೆ ಬರುತ್ತಿರಲಿಲ್ಲ. ತಿಂಗಳಿಗೊಮ್ಮೆ, ನೋವು ತಡೆಯಲಾಗದ ದಿನ, ಪೇಟೆ ಬೀದಿಯ ಡಾಕ್ಟರು ಒಂದು ಬಾಟಲಿ ಬರೆದುಕೊಡುತ್ತಿದ್ದರು. ಒಂದೇ ಸಲಕ್ಕೆ, ಮಲಗುವಾಗ.

ರೈಟರ್ ದೂರನ್ನು ಬರೆದುಕೊಳ್ಳುತ್ತಿದ್ದ. ಇನ್ಸ್‌ಪೆಕ್ಟರ್ ಕೇಳಿದ:

“ಔಷಧಿ ತಂದೋರು ಯಾರು?”

“ನಾನೇ. ನಿನ್ನೆ ಸಂಜೆ ಐದೂವರೆಗೆ.”

“ಯಾವತ್ತಿನ ಹಾಗೇ ಇತ್ತಾ?”

“ಬಣ್ಣ ಗಾಢ ಇತ್ತು. ನಾನು ಬಣ್ಣದೋನು, ಗೊತ್ತಾಗುತ್ತೆ. ಕಾಂಪೌಂಡರನ್ನ ಕೇಳಿದೆ. ‘ಡಾಕ್ಟರು ಬರೆದ ಹಾಗೇ ಇದೆ’ ಅಂದ.”

“ಕುಡಿಸಿದ್ದು?”

ಮೇಷ್ಟ್ರು ತೋಳಿನ ಸೀಮೆಸುಣ್ಣ ಒರೆಸಿಕೊಂಡರು. “ಅಕ್ಕ ಅರ್ಧಕ್ಕೇ ನಿಲ್ಲಿಸಿದ್ಲು. ‘ಇವತ್ತು ಏನೋ ಪಾಕದ ಹಾಗಿದೆ ಕಣೋ, ಗಂಟಲಿಗೆ ಅಂಟುತ್ತೆ’ ಅಂದ್ಲು. ನಾನೇ ಗದರಿಸಿ ಪೂರ್ತಿ ಕುಡಿಸಿದೆ.” ಆಮೇಲೆ ಕೇಳಿದರು, “ಇದನ್ನೂ ಬರೀತೀರಾ?”

“ಬರೀಲೇಬೇಕು,” ಎಂದ ಇನ್ಸ್‌ಪೆಕ್ಟರ್. ಎಫ್‌ಐಆರ್‌ನಲ್ಲಿ ಅದೂ ಸೇರಿತು.

ಒಂಬತ್ತೂವರೆಗೆ ಮನೆಯಲ್ಲಿ ಪಂಚನಾಮೆ. ಮಹಡಿಯ ಮೇಲೆ ಎರಡು ಕೋಣೆ. ಕಿಟಕಿಯ ಪಕ್ಕ ಮಂಚ, ಮಂಚದ ಕೆಳಗೆ ಜೋಡಿಸಿಟ್ಟ ಚಪ್ಪಲಿ, ಮೂಳೆಗುಂಡಿಗಳ ಡಬ್ಬಿ. ಪಂಚರು ಇಬ್ಬರು: ಕೆಳಗಿನ ಇಸ್ತ್ರಿಯವನು ಮತ್ತು ಎದುರುಮನೆಯ ಗಡಿಯಾರ ರಿಪೇರಿಯವನು. ಮೇಜಿನ ಮೇಲೆ ಡಾಕ್ಟರ ಸರ್ಟಿಫಿಕೇಟು ಆಗಲೇ ಬಂದು ಕುಳಿತಿತ್ತು: ‘ಹೃದಯ ನಿಂತು ಮರಣ’.

“ಎಷ್ಟು ಹೊತ್ತು ಪರೀಕ್ಷೆ ಮಾಡಿದ್ರು?”

“ಒಳಗೆ ಬರಲಿಲ್ಲ,” ಎಂದರು ಮೇಷ್ಟ್ರು. “ಬಾಗಿಲಲ್ಲೇ ನಿಂತು ಬರೆದುಕೊಟ್ರು. ಟೋಪಿ ತೆಗೆದಿದ್ರು.”

ಇನ್ಸ್‌ಪೆಕ್ಟರ್ ಹೆಣದ ರೆಪ್ಪೆಯನ್ನು ಹೆಬ್ಬೆರಳಿನಿಂದ ಎತ್ತಿದ. ಪಾಪೆ ಸಾಸಿವೆ ಕಾಳಿಗಿಂತ ಚಿಕ್ಕದಾಗಿತ್ತು. ಹಡಗುಕಟ್ಟೆಯ ಠಾಣೆಯಲ್ಲಿದ್ದಾಗ ಅಂಥ ಪಾಪೆಗಳನ್ನು ಅವನು ಲೆಕ್ಕವಿಲ್ಲದಷ್ಟು ನೋಡಿದ್ದ. ಅಫೀಮು. ಹೆಣವನ್ನು ಸರ್ಕಾರಿ ಆಸ್ಪತ್ರೆಗೆ ಕಳಿಸಿ, ಪಂಚರ ಸಹಿ ಪಡೆದು, ಪೇಟೆ ಬೀದಿಗೆ ನಡೆದ.

ಡಾಕ್ಟರನ ದವಾಖಾನೆ ಬೀದಿಯಲ್ಲೇ ಹೆಚ್ಚು ಗಾಜಿದ್ದ ಕಟ್ಟಡ. ಮುಂದಿನ ಕೋಣೆಯಲ್ಲಿ ಹಿತ್ತಾಳೆ ಗುಬುಟುಗಳ ಒಂದು ಯಂತ್ರ. ನರಗಳಿಗೆ ವಿದ್ಯುತ್ ಹಾಯಿಸುವುದಂತೆ. ಕಾಯುತ್ತಿದ್ದ ರೋಗಿಗಳು ಅದನ್ನು ಗರ್ಭಗುಡಿಯ ಕಡೆ ನೋಡುವ ಹಾಗೆ ನೋಡುತ್ತ ತಮ್ಮ ಕೆಮ್ಮನ್ನೂ ತಗ್ಗಿಸಿಕೊಂಡಿದ್ದರು. ಅದರಿಂದ ಯಾರಿಗಾದರೂ ವಾಸಿಯಾದ ದಾಖಲೆ ಇರಲಿಲ್ಲ. ಆದರೂ ಅದು ಬಂದ ಮೇಲೆ ಡಾಕ್ಟರನ ಮಾತಿನ ದನಿ ಒಂದು ಮೆಟ್ಟಿಲು ಮೇಲೇರಿತ್ತೆಂದು ಊರು ಹೇಳುತ್ತಿತ್ತು.

“ಅರವತ್ತು ದಾಟಿದ ಮೇಲೆ ಹೃದಯ ನಿಲ್ಲೋಕೆ ಕಾರಣ ಬೇಕೇನ್ರೀ?” ಎಂದ ಡಾಕ್ಟರ್, ಕುಳಿತಲ್ಲಿಂದ ಏಳದೆ.

“ಕಣ್ಣಿನ ಪಾಪೆ ನೋಡಿದ್ರಾ?”

“ಸತ್ತೋರ ಕಣ್ಣಲ್ಲಿ ನೋಡೋಕೇನಿರುತ್ತೆ?”

“ಅಫೀಮು.”

ಡಾಕ್ಟರನ ಮುಖದಿಂದ ರಕ್ತ ಇಳಿಯಿತು, ಮತ್ತೆ ಏರಿತು. ಎರಡಕ್ಕೂ ಸೇರಿ ಒಂದು ಉಸಿರಿನಷ್ಟು ಹೊತ್ತೂ ಹಿಡಿಯಲಿಲ್ಲ. ಇನ್ಸ್‌ಪೆಕ್ಟರ್ ಮನಸ್ಸಿನಲ್ಲೇ ಅವನನ್ನು ಮೆಚ್ಚಿದ. ಇಷ್ಟು ಬೇಗ ಇನ್ನೊಬ್ಬನ ಕತ್ತನ್ನು ಹುಡುಕಿಕೊಳ್ಳುವವರನ್ನು ಅವನು ವಕೀಲರಲ್ಲಿಯೂ ಕಂಡಿರಲಿಲ್ಲ.

“ಕುಟ್ಟಾಣೀ! ಏಯ್ ಕುಟ್ಟಾಣೀ! ಬಾ ಇಲ್ಲಿ!”

ಒಳಗಿನ ಕಿಂಡಿಯ ಬಾಗಿಲು ತೆರೆದು, ಆ ಅಡ್ಡಹೆಸರಿಗೆ ಓಗೊಟ್ಟು ಕಾಂಪೌಂಡರ್ ಬಂದ. ಐವತ್ತರ ಆಸುಪಾಸು, ಕಿರಿದಾದ ಭುಜ, ಕಿವಿಗೆ ದಾರ ಕಟ್ಟಿದ ಕನ್ನಡಕ. ಇಪ್ಪತ್ತೊಂದು ವರ್ಷಗಳಿಂದ ಈ ಡಾಕ್ಟರನ ಔಷಧಿ ಅರೆದು, ಬೆರೆಸಿ, ಬಾಟಲಿಗೆ ತುಂಬುತ್ತಿದ್ದವನು. ಅವನ ಹಿಂದೆ ಹಿತ್ತಲ ಕಡೆಯಿಂದ ಒದ್ದೆ ಕೈಯ ಹೆಂಗಸೊಬ್ಬಳು ಇಣುಕಿದಳು: ಅವನ ಹೆಂಡತಿ, ಬಾಟಲಿ ತೊಳೆಯುವವಳು. ದವಾಖಾನೆಯ ಹಿಂದಿನ ಎರಡು ಕೋಣೆಗಳೇ ಅವರಿಬ್ಬರ ಮನೆ. ಅದೂ ಡಾಕ್ಟರನದೇ.

“ಏನೋ ಓದಿ ಏನೋ ಕೊಟ್ಟಿದ್ದಾನೆ ಈ ಮುಠ್ಠಾಳ,” ಎಂದ ಡಾಕ್ಟರ್. “ನಿನ್ನೆಯ ಆ ಕಾಜದ ಅಮ್ಮನ ಬಾಟಲಿಗೆ ಏನು ಹಾಕಿದೆಯೋ?”

ಕಾಂಪೌಂಡರ್ ಒಳಗೆ ಹೋಗಿ, ಚೀಟಿಗಳನ್ನು ಚುಚ್ಚಿಡುವ ತಂತಿಯನ್ನೂ ದಪ್ಪ ರಿಜಿಸ್ಟರನ್ನೂ ತಂದ. ತಂತಿಯಿಂದ ಒಂದು ಚೀಟಿಯನ್ನು ಹರಿಯದಂತೆ ಬಿಡಿಸಿ, ರಿಜಿಸ್ಟರಿನ ಪಕ್ಕ ಇಟ್ಟ.

“ಅಫೀಮಿನ ಸಾರ. ಬರೆದದ್ದು ಆರು ಡ್ರಾಮ್. ಕೊಟ್ಟದ್ದು ಆರು ಡ್ರಾಮ್.”

“ಅದು ಹನಿ!” ಡಾಕ್ಟರ್ ಈಗ ಎದ್ದ. “ಆರು ಹನಿ!”

ಇನ್ಸ್‌ಪೆಕ್ಟರ್ ಚೀಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದ. ಕೋಳಿ ಶಾಯಿಗೆ ಕಾಲದ್ದಿ ಓಡಿದಂತಿತ್ತು. “ಹನಿಗೆ ಯಾವ ಗುರುತು, ಡ್ರಾಮಿಗೆ ಯಾವ ಗುರುತು? ಬರೆದು ತೋರಿಸು.”

ಕಾಂಪೌಂಡರ್ ಬರೆದ. ಅಚ್ಚು ಹಾಕಿದ ಹಾಗಿತ್ತು ಅವನ ಅಕ್ಷರ. “ಹನಿಗೆ ಇದು, ಸಣ್ಣ ಕೊಕ್ಕೆ. ಡ್ರಾಮಿಗೆ ಬಾಲ ಬಿಟ್ಟ ಮೂರು. ಒಂದು ಡ್ರಾಮಿಗೆ ಅರವತ್ತು ಹನಿ.”

ಚೀಟಿಯಲ್ಲಿದ್ದದ್ದು ಬಾಲ ಬಿಟ್ಟ ಮೂರು. ಅದರಲ್ಲಿ ಅನುಮಾನವೇ ಇರಲಿಲ್ಲ. ದಫೇದಾರ ಬೆರಳು ಮಡಚಿ ಎಣಿಸಿ, “ಮುನ್ನೂರ ಅರವತ್ತು ಸಾರ್,” ಎಂದು ಘೋಷಿಸಿದ.

“ಏಳು ತಿಂಗಳಿಂದ ಆಕೆಗೆ ಹೀಗೇ ಬರೀತಾ ಇದ್ದೀನಿ!” ಎಂದು ಡಾಕ್ಟರ್ ಕೂಗಿದ. “ಇದೇ ಗುರುತು, ಇದೇ ಕೈ! ಆಕೆ ಸತ್ತಳಾ? ಹೇಳಿ, ಒಂದು ಸಲಾನಾದ್ರೂ ಸತ್ತಳಾ?”

ಕಾಯುತ್ತಿದ್ದವರಲ್ಲಿ ಯಾರೋ ಕಿಸಕ್ಕನೆ ನಕ್ಕು ಕೆಮ್ಮಾಗಿಸಿದರು. ಇನ್ಸ್‌ಪೆಕ್ಟರ್ ಆ ಮಾತನ್ನು ಜೇಬಿಗಿಳಿಸಿಕೊಂಡ. ತಂತಿಗಳು ಆರು, ರಿಜಿಸ್ಟರುಗಳು ನಾಲ್ಕು: ಜಪ್ತಿ. ಇಬ್ಬರಿಗೂ ಊರು ಬಿಡಬಾರದೆಂದು ಹೇಳಿ ಹೊರಬಿದ್ದ. ಡಾಕ್ಟರನ ಕೈಗೆ ಕೋಳ ತೊಡಿಸುವ ಚಿತ್ರವೊಂದು ದಾರಿಯುದ್ದಕ್ಕೂ ಅವನ ಕಣ್ಣ ಮುಂದೆ ಇತ್ತು. ಅದು ಅವನ ವೃತ್ತಿಜೀವನದ ಕೆಲವೇ ಸುಖದ ಚಿತ್ರಗಳಲ್ಲಿ ಒಂದಾಗಿತ್ತು.

ಮರುದಿನ, ಹದಿಮೂರನೇ ತಾರೀಖು, ರೈಟರ್ ಠಾಣೆಯ ಹಿಂದಿನ ಕೋಣೆಯಲ್ಲಿ ನೆಲದ ಮೇಲೆ ಚೀಟಿಗಳನ್ನು ಹರಡಿಕೊಂಡು ಕುಳಿತ. ಚೀಟಿ ಡಾಕ್ಟರನ ಕೈಯದು, ರಿಜಿಸ್ಟರು ಕಾಂಪೌಂಡರನದು. ಪ್ರತಿ ಚೀಟಿಯನ್ನೂ ಕೊಟ್ಟ ಔಷಧಿಯ ಜೊತೆ ತಾಳೆ ನೋಡಬೇಕು. ಮಧ್ಯಾಹ್ನ ಮೂರರ ಹೊತ್ತಿಗೆ ಅವನು ಕನ್ನಡಕ ತೆಗೆದು ಕರೆದ.

“ಸಾರ್, ನಾಲ್ಕು ವರ್ಷದಲ್ಲಿ ನಲವತ್ತೊಂದು ಕಡೆ ಚೀಟಿಗೂ ರಿಜಿಸ್ಟರಿಗೂ ತಾಳೆ ಇಲ್ಲ.”

“ಅಂದ್ರೆ ಆ ಕುಟ್ಟಾಣಿ ನಲವತ್ತೊಂದು ಸಲ ತಪ್ಪು ಮಾಡಿದ್ದಾನೆ.”

“ಉಲ್ಟಾ. ಸರ್ಕಾರಿ ಆಸ್ಪತ್ರೆಯ ಕಾಂಪೌಂಡರಿಗೆ ತೋರಿಸಿದೆ. ನಲವತ್ತೊಂದರಲ್ಲೂ ತಪ್ಪು ಚೀಟಿಯದು. ರಿಜಿಸ್ಟರು ಸರಿ. ಈ ಅಮ್ಮನದೇ ಏಳು. ಏಳರಲ್ಲೂ ಚೀಟಿ ಡ್ರಾಮ್ ಅನ್ನುತ್ತೆ, ಇವನು ಕೊಟ್ಟಿರೋದು ಹನಿ.”

“ಡಾಕ್ಟರಿಗೆ ಹೇಳದೇ ತಿದ್ದುತ್ತಿದ್ನಾ? ನಾಲ್ಕು ವರ್ಷ? ಯಾರಾದ್ರೂ ಹಾಗೆ ಮಾಡ್ತಾರೇನಯ್ಯ?”

ರೈಟರ್ ಅವನನ್ನು ಕೊಂಚ ಹೊತ್ತು ನೋಡಿದ. ಆ ನೋಟದಲ್ಲಿ ಗೌರವ ಇತ್ತು, ಬೇರೆ ಏನೋ ಕೂಡ ಇತ್ತು.

“ನೀವು ಬರೆದ ವರದಿಗಳನ್ನ ನಾನು ಇದ್ದ ಹಾಗೇ ನಕಲು ಮಾಡಿ ಮೇಲಕ್ಕೆ ಕಳಿಸ್ತೀನಿ ಅಂದ್ಕೊಂಡಿದ್ದೀರಾ ಸಾರ್? ಹೋದ ತಿಂಗಳು ‘ಆರೋಪಿಯ ಶವವನ್ನು ವಿಚಾರಿಸಲಾಗಿ’ ಅಂತ ಬರೆದಿದ್ರಿ.”

ದಫೇದಾರ ಬಾಗಿಲ ಕಡೆ ತಿರುಗಿ ಭುಜ ಅಲ್ಲಾಡಿಸುತ್ತ ಒಳಗೊಳಗೇ ನಗತೊಡಗಿದ. ಇನ್ಸ್‌ಪೆಕ್ಟರ್ ಏನೂ ಕೇಳಿಸದವನಂತೆ:

“ಕೊನೇ ತಿದ್ದುಪಡಿ ಯಾವತ್ತು?”

“ಮಾರ್ಚ್ ಎರಡು. ನಾಲ್ಕನೇ ತಾರೀಖಿನ ಪುಟದಲ್ಲಿ ಇದಿದೆ.”

ಪುಟದ ನಡುವೆ, ಔಷಧಿಗಳ ಸಾಲುಗಳನ್ನು ತಡೆದು, ಅಚ್ಚಿನಂಥ ಅದೇ ಅಕ್ಷರದಲ್ಲಿ ಒಂದೇ ವಾಕ್ಯವನ್ನು ಮೂರು ಸಲ ಬರೆಯಲಾಗಿತ್ತು: ‘ಬರೆದದ್ದನ್ನಷ್ಟೇ ಕೊಡತಕ್ಕದ್ದು.’ ಕೆಳಗೆ ಡಾಕ್ಟರನ ಸಹಿ, ಉದ್ದ ಬಾಲದೊಂದಿಗೆ.

ಆ ದಿನ ಏನಾಯಿತೆಂದು ತಿಳಿಯಲು ಕಷ್ಟವಾಗಲಿಲ್ಲ. ದವಾಖಾನೆಯಲ್ಲಿ ಅವತ್ತು ಹದಿನಾಲ್ಕು ಮಂದಿ ಕಾಯುತ್ತಿದ್ದರು, ಹದಿನಾಲ್ಕೂ ಮಂದಿ ಹೇಳಲು ತುದಿಗಾಲಲ್ಲಿ ನಿಂತಿದ್ದರು. ರಾಜಧಾನಿಯಿಂದ ಇನ್ನೊಬ್ಬ ಡಾಕ್ಟರ್ ಯಂತ್ರ ನೋಡಲು ಬಂದಿದ್ದ. ಯಂತ್ರ ನೋಡಿ ಬೇಸರವಾಗಿ ರಿಜಿಸ್ಟರ್ ತಿರುವಿ ಹಾಕಿದ. ಚೀಟಿಗಳ ಜೊತೆ ತಾಳೆ ನೋಡಿ ನಕ್ಕ. ‘ಅದೃಷ್ಟವಂತರು ನೀವು, ನಿಮ್ಮ ಕಾಂಪೌಂಡರ್ ನಿಮಗಿಂತ ಒಳ್ಳೇ ವೈದ್ಯ’ ಎಂದ. ಅತಿಥಿ ಗಾಡಿ ಹತ್ತಿದ ಮೇಲೆ ಡಾಕ್ಟರ್ ಕಿಂಡಿಯ ಬಾಗಿಲನ್ನು ಒದ್ದು, ಕಾಂಪೌಂಡರನನ್ನು ರೋಗಿಗಳ ಮುಂದೆ ನಿಲ್ಲಿಸಿದ.

“ಏನಂದ್ರು?” ಎಂದು ಇನ್ಸ್‌ಪೆಕ್ಟರ್ ಕಟುಕನನ್ನು ಕೇಳಿದ. ಕಟುಕ ಆ ಹದಿನಾಲ್ಕರಲ್ಲಿ ಒಬ್ಬ.

“‘ಓದೋಕೆ ಬರದೇ ಇರೋನು ನನ್ನನ್ನ ತಿದ್ದುತ್ತೀಯಾ’ ಅಂದ್ರು. ಒಂದನೇ ಕ್ಲಾಸಿನ ಮಕ್ಕಳ ಹಾಗೆ ಆ ಸಾಲು ಬರೆಸಿದ್ರು. ಆಮೇಲೆ ಬೆರಳಿಟ್ಟು ಓದು ಅಂದ್ರು. ಅಕ್ಷರಕ್ಕೆ ಅಕ್ಷರ, ಬೆರಳಿಟ್ಟು. ನಾವೂ ನಕ್ಕಿದ್ವಿ, ಸುಳ್ಳು ಯಾಕೆ ಹೇಳ್ಲಿ.”

“ಅವನು?”

“ಓದಿದ. ಓದಿ ಒಳಗೆ ಹೋದ. ನನ್ನ ಕೇಸು ಕೇಳಿ ಸಾಹೇಬ್ರೇ. ಅವತ್ತೇ ನನಗೂ ಹರಳೆಣ್ಣೆ ಬರೆದುಕೊಟ್ಟಿದ್ರು. ಕುಡಿದು ಎರಡು ದಿನ ಪಾಯಖಾನೆಯಲ್ಲೇ ಸಂಸಾರ ಮಾಡಿದೆ. ಊಟಾನೂ ಅಲ್ಲಿಗೇ ತರಿಸ್ಕೋಬೇಕಾಗಿತ್ತು.”

ರೈಟರ್ ತೆಗೆದು ನೋಡಿದ. ಚೀಟಿಯಲ್ಲಿ ಡ್ರಾಮಿನ ಬದಲು ಔನ್ಸ್ ಇತ್ತು. ಎಂಟರಷ್ಟು. ರಿಜಿಸ್ಟರಿನಲ್ಲಿಯೂ ಔನ್ಸ್. ತಾಳೆ ಸರಿಯಾಗಿತ್ತು.

ಹದಿನಾಲ್ಕರಂದು ಸರ್ಕಾರಿ ಸರ್ಜನರ ವರದಿ ಬಂತು: ಅಫೀಮಿನಿಂದ ಮರಣ. ಅದರ ಹಿಂದೆಯೇ ಪೊಲೀಸ್ ಇಲಾಖೆಯ ದೊಡ್ಡ ಸಾಹೇಬರ ಚೀಟಿ ಬಂತು. ದೊಡ್ಡ ಸಾಹೇಬರ ಹೆಂಡತಿಯ ನರಗಳಿಗೆ ವಾರಕ್ಕೆರಡು ಸಲ ಆ ಯಂತ್ರ ಹಾಯುತ್ತಿತ್ತು. ಡಾಕ್ಟರಂಥ ಗಣ್ಯರ ವಿಷಯದಲ್ಲಿ ದುಡುಕಬಾರದೆಂದು ಅವರು ಬರೆದಿದ್ದರು. ಇನ್ಸ್‌ಪೆಕ್ಟರ್ ಅದನ್ನು ಮಡಚಿ ಕುಂಟುತ್ತಿದ್ದ ಮೇಜಿನ ಕಾಲಿನ ಕೆಳಗೆ ಇಟ್ಟ.

ಆದರೆ ಸಮಸ್ಯೆ ದೊಡ್ಡ ಸಾಹೇಬರಲ್ಲ. ಡಾಕ್ಟರ್ ತಪ್ಪು ಬರೆದ, ಸರಿ, ಕೊಲ್ಲಬೇಕೆಂದು ಬರೆಯಲಿಲ್ಲ. ಕಾಂಪೌಂಡರಿಗೆ ಅದು ತಪ್ಪೆಂದು ಗೊತ್ತಿತ್ತು. ಏಳು ಸಲ ತಿದ್ದಿದ್ದಾನೆ. ಎಂಟನೇ ಸಲ ತಿದ್ದಲಿಲ್ಲ. ಯಾಕೆಂದರೆ ತಿದ್ದಬಾರದೆಂದು ಅಪ್ಪಣೆಯಿದೆ, ಅಪ್ಪಣೆಗೆ ಸಹಿಯಿದೆ, ಹದಿನಾಲ್ಕು ಸಾಕ್ಷಿಗಳಿದ್ದಾರೆ. ಯಾವ ನ್ಯಾಯಾಧೀಶ ಇವನನ್ನು ಕೊಲೆಗಾರ ಎನ್ನುತ್ತಾನೆ? ಹೇಳಿದ ಕೆಲಸ ಮಾಡಿದ ಆಳು. ನಾಲ್ಕು ವರ್ಷದ ರಿಜಿಸ್ಟರಿನಲ್ಲಿ ಅಪರಾಧ ಎನ್ನಬಹುದಾದದ್ದು ಚೀಟಿಗೂ ಪುಟಕ್ಕೂ ವ್ಯತ್ಯಾಸವೇ ಇಲ್ಲದ ಆ ಒಂದು ಸಾಲು.

“ಒಂದು ಮಾತು ಸಾರ್,” ಎಂದ ದಫೇದಾರ, ಮೂಗೊರೆಸಿಕೊಳ್ಳುತ್ತ. “ಅಫೀಮು ಕಹಿ ಅಂತಾರಲ್ಲ.”

“ಕಹಿಯೇ. ವಿಷದಷ್ಟು.”

“ಮತ್ತೆ ನಾನು ನೆಕ್ಕಿದ್ದು ಸಿಹಿ ಇತ್ತಲ್ಲ? ಆವತ್ತು ನೀವು ಬೈದ ಗಡಿಬಿಡೀಲಿ ಅದು ಮಹಜರಿಗೂ ಸೇರಲಿಲ್ಲ.”

ಇನ್ಸ್‌ಪೆಕ್ಟರ್ ಅವನನ್ನು ನೋಡಿದ. ಪಾಕದ ಹಾಗಿದೆ ಎಂದು ಮೇಷ್ಟ್ರ ಅಕ್ಕ ಹೇಳಿದ್ದು ಎಫ್‌ಐಆರ್‌ನಲ್ಲೇ ಇತ್ತು. ಮೂರು ದಿನಗಳಿಂದ ಅದು ಅವನ ಮೇಜಿನ ಮೇಲೆಯೇ ಇತ್ತು. ಹನ್ನೊಂದು ವರ್ಷಗಳಲ್ಲಿ ದಫೇದಾರ ಮೊದಲ ಬಾರಿಗೆ ಯೋಚಿಸಿದ್ದ, ಅದೂ ನಾಲಿಗೆಯಿಂದ. ರೈಟರ್ ಆಗಲೇ ಹನ್ನೊಂದನೇ ತಾರೀಖಿನ ಸಾಲಿನ ಮೇಲೆ ಬೆರಳಿಟ್ಟಿದ್ದ.

“ಅಳತೆ ಮಾತ್ರ ತಾಳೆ ನೋಡಿದ್ದೆ ಸಾರ್, ಪದಾರ್ಥ ಎಣಿಸಿರಲಿಲ್ಲ. ಚೀಟಿಯಲ್ಲಿ ಎರಡೇ ಇದೆ. ಅಫೀಮಿನ ಸಾರ, ನೀರು. ರಿಜಿಸ್ಟರಿನಲ್ಲಿ ಮೂರಿದೆ. ‘ಕಿತ್ತಳೆ ಸಿಪ್ಪೆಯ ಪಾಕ, ಅರ್ಧ ಔನ್ಸ್.’”

“ಹಿಂದಿನ ಏಳರಲ್ಲಿ?”

“ಇಲ್ಲ. ಆರು ಹನಿಗೆ ಪಾಕ ಯಾಕೆ ಬೇಕು? ಗೊತ್ತೇ ಆಗಲ್ಲ.”

ಮಾರ್ಚ್ ಹದಿನೈದು, ಶುಕ್ರವಾರ, ಬೆಳಗ್ಗೆ ಹನ್ನೊಂದು ಗಂಟೆ. ಇನ್ಸ್‌ಪೆಕ್ಟರ್ ಔಷಧಿ ಕೋಣೆಯ ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಮೂರು ಹೆಜ್ಜೆ ಅಗಲದ ಕೋಣೆ. ಚಾವಣಿಯವರೆಗೆ ಪಿಂಗಾಣಿ ಜಾಡಿಗಳು, ಎಲ್ಲದರ ಚೀಟಿಯೂ ಮುಂದಕ್ಕೆ. ಹಿತ್ತಾಳೆ ತಕ್ಕಡಿಯ ತಟ್ಟೆಗಳಲ್ಲಿ ಧೂಳಿನ ಕಣವಿರಲಿಲ್ಲ. ಆ ಇಡೀ ಕಟ್ಟಡದಲ್ಲಿ ನಂಬಬಹುದಾದ ಜಾಗ ಇದೊಂದೇ ಎಂದು ಅವನಿಗೆ ಅನ್ನಿಸಿತು. ಕಾಂಪೌಂಡರ್ ಯಾವುದೋ ಪುಡಿಯನ್ನು ಸಮನಾಗಿ ಹನ್ನೆರಡು ಪಾಲು ಮಾಡುತ್ತಿದ್ದ.

“ಬರೆದದ್ದನ್ನಷ್ಟೇ ಕೊಟ್ಟೆ ಅಂದೆ.”

“ಹೌದು.”

“ಬೇರೇನೂ ಇಲ್ಲ?”

“ಅಪ್ಪಣೆ ಹಾಗಿತ್ತು. ನೀವೇ ಓದಿದ್ದೀರಿ.”

“ಕಿತ್ತಳೆ ಪಾಕ ಯಾರು ಬರೆದ್ರು?”

ಕಾಂಪೌಂಡರನ ಕೈಯಲ್ಲಿದ್ದ ಚಪ್ಪಟೆ ಅಲಗು ಏಳನೇ ಪಾಲಿನ ಮೇಲೆ ನಿಂತಿತು. ಅವನು ರಿಜಿಸ್ಟರು ಬೇಕೆನ್ನಲಿಲ್ಲ, ನೆನಪಿಲ್ಲವೆನ್ನಲಿಲ್ಲ. ಉಳಿದ ಐದು ಪಾಲನ್ನೂ ಮಾಡಿ ಮುಗಿಸಿದ. ಕಾಗದದಲ್ಲಿ ಮಡಚಿದ. ಆಮೇಲೆ ಹೇಳಿದ:

“ಬರೀ ಸಾರಾನೇ ಕಳಿಸೋಕಾಗುತ್ತಾ? ಬಾಯಿಗಿಡೋಕಾಗ್ತಿರಲಿಲ್ಲ. ಅಂಥ ಔಷಧಿ ಈ ಕಿಂಡಿಯಿಂದ ಯಾವತ್ತೂ ಹೋಗಿಲ್ಲ.”

“ಬಾಯಿಗಿಡೋಕಾಗದಿದ್ರೆ ಆಕೆ ಉಗುಳ್ತಿದ್ರು. ಬದುಕ್ತಿದ್ರು.”

“ಹೌದು.”

“ಕುಡೀಲಿ ಅಂತಾನೇ ಪಾಕ ಹಾಕಿದೆ.”

“ಹೌದು,” ಎಂದ ಕಾಂಪೌಂಡರ್. ಆಮೇಲೆ, ತನಗೇ ಸಿಟ್ಟು ಬಂದವನಂತೆ, “ಹಾಕಿದ್ದನ್ನ ರಿಜಿಸ್ಟರಿಗೆ ಬರೀಬಾರದಾಗಿತ್ತು. ಆದ್ರೆ ಹಾಕಿದ ಮೇಲೆ ಬರೀದೆ ಇರೋಕೆ ಬರಲ್ಲ ನನಗೆ.”

“ಆ ಅಮ್ಮ ನಿನಗೇನು ಮಾಡಿದ್ರಯ್ಯ?”

“ಏನೂ ಇಲ್ಲ. ಒಳ್ಳೇ ಹೆಂಗಸು. ಬಾಟಲಿ ತೊಳೆದು ವಾಪಸ್ ಕೊಡ್ತಿದ್ದೋರು ಅವರೊಬ್ಬರೇ.” ಅವನು ಕನ್ನಡಕ ಸರಿಮಾಡಿಕೊಂಡ. “ಚೀಟಿ ಅವರದ್ದು ಬಂತು. ಬೇರೆಯವರದ್ದು ಬಂದಿದ್ರೆ ಬೇರೆಯವರು. ಡಾಕ್ಟರು ಏನು ಬರೀತಾರೆ ಅಂತ ಊರಿಗೆ ಒಂದು ಸಲ ಗೊತ್ತಾಗಬೇಕಿತ್ತು.”

ಇನ್ಸ್‌ಪೆಕ್ಟರಿಗೆ ಇಲ್ಲಿಯವರೆಗೆ ಈ ಮನುಷ್ಯನ ಮೇಲೆ ಒಂದು ಬಗೆಯ ಅಭಿಮಾನ ಉಳಿದಿತ್ತು. ಅದು ಆ ಕ್ಷಣದಲ್ಲಿ ಹುಳಿಯಾಯಿತು. ಇಬ್ಬರು ಗಂಡಸರು, ಒಬ್ಬನಿಗೆ ತಾನು ಬರೆದದ್ದು ದೊಡ್ಡದು, ಇನ್ನೊಬ್ಬನಿಗೆ ತಾನು ಓದಿದ್ದು ದೊಡ್ಡದು. ಇಬ್ಬರ ನಡುವೆ ಒಬ್ಬ ಮುದುಕಿ ಕಾಗದದ ಚೂರಿನಷ್ಟೂ ತೂಗಲಿಲ್ಲ. ಇಷ್ಟು ಚೊಕ್ಕ ತಕ್ಕಡಿಯಿಟ್ಟುಕೊಂಡೂ.

ಹನ್ನೊಂದೂ ಹತ್ತಕ್ಕೆ ದಸ್ತಗಿರಿ. ಕೈಕೋಳ ತೊಡಿಸುವ ಮೊದಲು ಕಾಂಪೌಂಡರ್ ಹನ್ನೆರಡು ಪೊಟ್ಟಣಗಳನ್ನೂ ಕಿಂಡಿಯ ಮೇಲಿಟ್ಟು, ಯಾರಿಗೆ ಎಷ್ಟು ಹೊತ್ತಿಗೆ ಎಂದು ಹೆಂಡತಿಗೆ ಹೇಳಿದ. ಕಾಯುತ್ತಿದ್ದ ರೋಗಿಗಳು ದಾರಿ ಬಿಟ್ಟರು. ಡಾಕ್ಟರ್ ಯಂತ್ರದ ಹಿಂದೆ ನಿಂತು, “ನಾನು ಮೊದಲೇ ಹೇಳಿರಲಿಲ್ವಾ?” ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಅವನು ಮೊದಲು ಹೇಳಿದ್ದು ಬೇರೆಯೇ ಆಗಿತ್ತು. ಅದನ್ನು ನೆನಪಿಸುವ ಗೋಜಿಗೆ ಯಾರೂ ಹೋಗಲಿಲ್ಲ.

ಹದಿನೆಂಟನೇ ತಾರೀಖು ಸೋಮವಾರ ಮಧ್ಯಾಹ್ನ ಡಾಕ್ಟರನ ವಕೀಲನೂ ದೊಡ್ಡ ಸಾಹೇಬರೂ ಒಂದೇ ಗಾಡಿಯಲ್ಲಿ ಬಂದರು. ಕೊಲೆ ಕೇಸೆಂದರೆ ರಿಜಿಸ್ಟರು ಕೋರ್ಟಿಗೆ ಹೋಗುತ್ತದೆ, ನಲವತ್ತೊಂದು ಚೀಟಿಗಳನ್ನೂ ಒಂದೊಂದಾಗಿ ಓದಿಸುತ್ತಾರೆ. ಅದರಿಂದ ಯಾರಿಗೆ ಏನು ಪ್ರಯೋಜನ ಎಂದು ವಕೀಲ ಕೇಳಿದ. ಪ್ರಯೋಜನವಿಲ್ಲದ ಕೆಲಸ ಠಾಣೆ ಮಾಡಬಾರದೆಂದು ದೊಡ್ಡ ಸಾಹೇಬರು ಅಭಿಪ್ರಾಯಪಟ್ಟರು. ಅದರ ಬದಲು ಕಾಂಪೌಂಡರ್ ಒಂದು ಹೇಳಿಕೆಗೆ ಸಹಿ ಹಾಕಲಿ: ಹನಿ ಎಂದಿದ್ದದ್ದನ್ನು ಕಣ್ಣು ಮಂಜಾಗಿ ಡ್ರಾಮ್ ಎಂದು ತಪ್ಪು ಓದಿದೆ. ನಿರ್ಲಕ್ಷ್ಯ. ಎರಡು ವರ್ಷ, ಹೆಚ್ಚೆಂದರೆ. ನೇಣಿಲ್ಲ. ಅವನು ಬರುವವರೆಗೆ ಹೆಂಡತಿ ಆ ಎರಡು ಕೋಣೆಗಳಲ್ಲೇ ಇರಬಹುದು. ಡಾಕ್ಟರು ದೊಡ್ಡ ಮನಸ್ಸು ಮಾಡಿದ್ದಾರೆ.

ಗಾಡಿ ಹೋದ ಮೇಲೆ ಇನ್ಸ್‌ಪೆಕ್ಟರ್ ಹೇಳಿಕೆಯನ್ನು ತಾನೇ ಬರೆದ. ಹೇಸಿಗೆಯೆನಿಸಿದ ಕೆಲಸವನ್ನು ರೈಟರಿಗೆ ಬಿಡಲು ಅವನಿಗೆ ಮನಸ್ಸಾಗಲಿಲ್ಲ. ಮೇಷ್ಟ್ರ ನೆನಪಾಯಿತು, ಅವರಿಗೆ ಏನು ಹೇಳುವುದೆಂದು ಯೋಚಿಸುತ್ತಲೇ ಕೊನೆಯ ಸಾಲು ಮುಗಿಸಿದ. ಕಾಂಪೌಂಡರನನ್ನು ಕರೆತರಿಸಿದ. ಅವನ ಹೆಂಡತಿ ಬೆಳಗಿನಿಂದ ಹೊರಗಿನ ಬೆಂಚಿನಲ್ಲಿದ್ದಳು. ಅವಳನ್ನೂ ಒಳಗೆ ಬಿಟ್ಟ.

“ನನಗಿದು ಇಷ್ಟವಿಲ್ಲ,” ಎಂದ ಇನ್ಸ್‌ಪೆಕ್ಟರ್. “ಆ ಅಮ್ಮನಿಗೆ ಇದು ನ್ಯಾಯವಲ್ಲ. ಆದ್ರೆ ನಿನ್ನ ಕತ್ತು ಉಳಿಯುತ್ತೆ. ಓದಿ ನೋಡು.”

ಕಾಂಪೌಂಡರ್ ಕಾಗದವನ್ನು ಮೂಗಿನ ಹತ್ತಿರ ಹಿಡಿದು ಓದಿದ. ಮೊದಲಿನಿಂದ ಕೊನೆಯವರೆಗೆ ಒಂದು ಸಲ, ಮತ್ತೆ ಒಂದು ಸಲ. ಮೇಜಿನ ಮೇಲಿನ ಲೇಖನಿ ತೆಗೆದುಕೊಂಡಾಗ ಅವನ ಹೆಂಡತಿ ಉಸಿರು ಬಿಟ್ಟಳು. ಅವನು ಎರಡನೇ ಸಾಲಿನಲ್ಲಿ ಬಿಟ್ಟುಹೋಗಿದ್ದ ಒಂದು ಒತ್ತಕ್ಷರವನ್ನು ಸೇರಿಸಿ, ಲೇಖನಿಯನ್ನು ಮೊದಲಿದ್ದ ಜಾಗದಲ್ಲೇ ಇಟ್ಟ.

“ರೀ, ಹಾಕಿಬಿಡ್ರೀ,” ಎಂದಳು ಅವಳು. “ಒಂದು ಸಹಿ. ಯಾರು ನೋಡ್ತಾರೆ? ನಿಮಗೆ ಓದೋಕೆ ಬರುತ್ತೆ ಅಂತ ನನಗೆ ಗೊತ್ತಿಲ್ವಾ? ನನಗೊಬ್ಬಳಿಗೆ ಗೊತ್ತಿದ್ರೆ ಸಾಲದಾ? ಎರಡು ವರ್ಷ ಕಣ್ಣು ಮುಚ್ಚಿ ತೆಗೆಯೋದ್ರೊಳಗೆ ಕಳೆದುಹೋಗುತ್ತೆ.”

ಅವನು ಹೆಂಡತಿಯನ್ನು ನೋಡಲಿಲ್ಲ. ಇನ್ಸ್‌ಪೆಕ್ಟರನನ್ನೂ ನೋಡಲಿಲ್ಲ.

“ಕೊಂದೆ ಅಂತ ಬರೀರಿ, ಸಹಿ ಹಾಕ್ತೀನಿ.”

“ಕೊಂದೆ ಅಂದ್ರೆ ನೇಣು ಕಣಯ್ಯ! ಇವಳು ಬೀದಿಗೆ ಬೀಳ್ತಾಳೆ. ತಪ್ಪು ಓದಿದೆ ಅಂತ ಒಂದು ಮಾತು, ಅಷ್ಟೇ.”

ಕಾಂಪೌಂಡರ್ ಕಾಗದವನ್ನು ಎರಡು ಬೆರಳಿನಿಂದ ಮೇಜಿನ ಆಚೆ ತುದಿಗೆ ತಳ್ಳಿದ.

“ಇಲ್ಲ,” ಎಂದ. “ನಾನು ಸರಿಯಾಗಿಯೇ ಓದಿದೆ. ಇದಕ್ಕೆ ಸಹಿ ಹಾಕಲ್ಲ.”